ಕಡ್ಡಿ ಹಚ್ಚಿ, ಔಷಧಿ ಗಿಡ ಉಳಿಸಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹೊಲದ ಒಡ್ಡುಗಳು ಹಿಂದೆ ಖಾಲಿ ಇರುತ್ತಿರಲಿಲ್ಲ. ಒಡ್ಡಿನ ಬೇವಿನ ಗಿಡಕ್ಕೆ ಅಮೃತಬಳ್ಳಿ, ಹಳ್ಳದ ದಂಡೆಗೆ ಲಕ್ಕಿ, ಕಳ್ಳಿಸಾಲಿನ ಒಳಗೆ ಮಂಗರವಳ್ಳಿ, ಬಾವಿಯ ಪಕ್ಕ ಆಡುಸೋಗೆ, ಬಚ್ಚಲ ನೀರಿಗೆ ದೊಡ್ಡಪತ್ರೆ. ಬೇಕಾದಾಗ ಹೋಗಿ ಹರಕೊಂಡು ಬರುತ್ತಿದ್ದೆವು. ಈಗ ಒಡ್ಡು ಸಣ್ಣದಾಗಿವೆ. ಕಳ್ಳಿಸಾಲು ಹೋಗಿ ತಂತಿ ಬೇಲಿ ಬಂದಿದೆ. ಉಳಿದಿದ್ದರ ಮೇಲೆ ಕಳೆನಾಶಕ ಬೀಳುತ್ತದೆ. 2020ರಲ್ಲಿ ಕೊರೊನಾ ಬಂದಾಗ ಕಷಾಯಕ್ಕೆಂದು ಅಮೃತಬಳ್ಳಿ ಹುಡುಕಿಕೊಂಡು ಜನ ಹೊಲ ಹೊಲ ತಿರುಗಿದರು. ಸಿಕ್ಕ ಕಡೆ ಬುಡ ಸಮೇತ ಎಳೆದು ಒಯ್ದರು. ಒಯ್ದ ಬಳ್ಳಿಯಲ್ಲಿ ಒಂದು ಗೇಣು ತುಂಡನ್ನು ತಿರುಗಿ ಮಣ್ಣಿಗೆ ಹಚ್ಚಿದವರು ಬಹಳ ಕಡಿಮೆ.

ಹಚ್ಚಿದ್ದರೆ ಬರುತ್ತಿತ್ತು. ಈ ಗಿಡಗಳಿಗೆಲ್ಲ ಬೀಜ ಬೇಡ, ನರ್ಸರಿ ಬೇಡ, ರೊಕ್ಕ ಬೇಡ. ಒಂದು ಕಡ್ಡಿ ಸಾಕು. ಆದರೆ ನಮ್ಮಂಥ ಒಣಬೇಸಾಯದ ಊರಲ್ಲಿ ಕಡ್ಡಿ ಹಚ್ಚಲಿಕ್ಕೆ ಒಂದು ಹೊತ್ತು, ಒಂದು ಕ್ರಮ ಇದೆ. ನಾನು ಮಾಡುತ್ತ ಬಂದ ರೀತಿಯನ್ನು ಇಲ್ಲಿ ಬರೆದಿದ್ದೇನೆ.

ಕಡ್ಡಿ ನಮಗೆ ಹೊಸದಲ್ಲ

ಭೀಮಾ ಮತ್ತು ಕೃಷ್ಣಾ ದಂಡೆಯವರು ಕಬ್ಬು ಹಚ್ಚುವುದು ತುಂಡಿನಿಂದಲೇ. ದ್ರಾಕ್ಷಿ ಮಾಡುವವರು ಡಾಗ್‌ರಿಜ್ ಕಡ್ಡಿಗೆ ಬೇರು ಬರಿಸಿ, ಅದರ ಮೇಲೆ ತಮಗೆ ಬೇಕಾದ ತಳಿಯ ಕಸಿ ಕಟ್ಟುತ್ತಾರೆ. ದಾಳಿಂಬೆಯವರು ಗೂಟಿ ಕಟ್ಟುತ್ತಾರೆ. ಗೂಟಿ ಅಂದರೂ ಅದೇ, ಕಡ್ಡಿ ತಾಯಿಯ ಮೈಮೇಲೆ ಇದ್ದಾಗಲೇ ಬೇರು ಬರಿಸುವುದು. ಇಷ್ಟೆಲ್ಲ ಬಲ್ಲ ನಾವು ಒಂದು ದೊಡ್ಡಪತ್ರೆ ಗಿಡಕ್ಕೆ ಸಂತೆಯಲ್ಲಿ ರೊಕ್ಕ ಕೊಡುವುದು ನಾಚಿಕೆಯ ಮಾತು.

‘ಹಂಗಾರ ಇಂಡಿ ಲಿಂಬಿ ಬೀಜದಿಂದ ಯಾಕ ಹಚ್ತೀರಿ?’ ಅಂತ ಯಾರಾದರೂ ಕೇಳಬಹುದು. ಕಾಗ್ಜಿ ಲಿಂಬೆಯ ಒಂದು ಬೀಜದೊಳಗೆ ಒಂದಕ್ಕಿಂತ ಹೆಚ್ಚು ಮೊಳಕೆ ಇರುತ್ತವೆ. ಅದರಲ್ಲಿ ಹೆಚ್ಚಿನವು ತಾಯಿಯ ಅಂಗಾಂಶದಿಂದಲೇ ಹುಟ್ಟಿದವು. ಹಾಗಾಗಿ ಬೀಜದ ಗಿಡವೂ ತಾಯಿಯಂತೆಯೇ ಬರುತ್ತದೆ. ಎಲ್ಲ ಗಿಡಕ್ಕೂ ಈ ಗುಣ ಇಲ್ಲ. ಬೇರೆ ಗಿಡಗಳಲ್ಲಿ ತಾಯಿಯನ್ನೇ ಮತ್ತೆ ಪಡೆಯಬೇಕೆಂದರೆ ಕಡ್ಡಿಯೇ ದಾರಿ.

ಒಂದು ಮಾತು. ಎಲ್ಲ ಔಷಧಿ ಗಿಡವೂ ಕಡ್ಡಿಗೆ ಬಗ್ಗುವುದಿಲ್ಲ. ಅಶ್ವಗಂಧ, ನೆಲನೆಲ್ಲಿ ಇವಕ್ಕೆ ಬೀಜವೇ ಸರಿ. ಕರಿಬೇವಿಗೆ ಬೀಜ ಇಲ್ಲವೆ ಬೇರಿನಿಂದ ಎದ್ದ ಮರಿ. ಲೋಳೆಸರಕ್ಕೆ ಬುಡದ ಮರಿ. ಮಜ್ಜಿಗೆ ಹುಲ್ಲಿಗೆ ಬುಡ ಸೀಳಿದ ಕವಲು.

ಮೊದಲು ತಾಯಿಯನ್ನು ಗುರುತಿಸಿ

ಬೀಜದಲ್ಲಿ ಮೋಸವಾದರೆ ಒಂದೆರಡು ಗಿಡ ಬೇರೆ ಬರಬಹುದು. ಕಡ್ಡಿಯಲ್ಲಿ ತಾಯಿ ತಪ್ಪಾದರೆ ಹಚ್ಚಿದ ಅಷ್ಟೂ ಗಿಡ ತಪ್ಪು. ಅದಕ್ಕೇ ಕತ್ತರಿ ಹಿಡಿಯುವ ಮುಂಚೆ ಗಿಡ ಯಾವುದು ಅಂತ ಖಾತ್ರಿ ಮಾಡಿಕೊಳ್ಳಬೇಕು.

ಅಮೃತಬಳ್ಳಿಯಲ್ಲಿ ಇದು ಬಹಳ ಮುಖ್ಯ. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿ ಯಕೃತ್ತಿಗೆ ತೊಂದರೆಯಾದ ರೋಗಿಗಳ ವಿಷಯ ವರದಿ ಮಾಡಿದರು. ಆಗ ಕೇಂದ್ರದ ಆಯುಷ್ ಸಚಿವಾಲಯ, ಅಮೃತಬಳ್ಳಿಯನ್ನೇ ಹೋಲುವ ಅದರ ದಾಯಾದಿ ಬಳ್ಳಿಯೊಂದಿದೆ, ಅದನ್ನು ತಿಳಿಯದೆ ಬಳಸಿದರೆ ಅಪಾಯ ಎಂದು ಎಚ್ಚರಿಸಿತು. ಅದು ಕೊಟ್ಟ ಗುರುತು ಹೀಗಿವೆ: ನಿಜವಾದ ಅಮೃತಬಳ್ಳಿಯ ಕಾಂಡ ಹಸಿರು ಛಾಯೆಯದು, ಕತ್ತರಿಸಿದರೆ ಹಾಲು ಬರುವುದಿಲ್ಲ, ಹೂವಿಗೆ 6 ಎಸಳು, ಹಣ್ಣು ಗುಂಡಗೆ. ದಾಯಾದಿಯ ಕಾಂಡ ಬೂದು ಬಣ್ಣ, ಮೈತುಂಬ ಗಂಟು ಗಂಟು, ಕತ್ತರಿಸಿದರೆ ಹಾಲಿನಂಥ ರಸ, ಹೂವಿಗೆ 3 ಎಸಳು, ಹಣ್ಣು ಉದ್ದುದ್ದ. ನಾವು ಇನ್ನೊಂದು ಗುರುತು ನೋಡುತ್ತೇವೆ. ಬಲಿತ ಅಮೃತಬಳ್ಳಿಯ ಮೇಲಿನ ತೊಗಟೆ ಕಾಗದದ ಹಾಗೆ ಏಳುತ್ತದೆ, ಕೆಳಗೆ ಹಸಿರು ಕಾಣುತ್ತದೆ. ಅಡ್ಡ ಕತ್ತರಿಸಿದರೆ ಬಂಡಿ ಗಾಲಿಯ ಅರಗಳ ಹಾಗೆ ಗೆರೆ ಇರುತ್ತವೆ.

ಸಂಶಯ ಬಂದರೆ ಎಲೆ, ಹೂ ಇರುವ ಒಂದು ಟೊಂಗೆಯನ್ನು ಕಾಗದದಲ್ಲಿ ಸುತ್ತಿಕೊಂಡು ಬಲ್ಲವರಿಗೆ ತೋರಿಸಿ. ಇಂಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ವಿಜಯಪುರದಲ್ಲಿ ಕೃಷಿ ಮಹಾವಿದ್ಯಾಲಯವಿದೆ, ಬಿ.ಎಲ್.ಡಿ.ಇ. ಸಂಸ್ಥೆಯ ಆಯುರ್ವೇದ ಮಹಾವಿದ್ಯಾಲಯವೂ ಇದೆ. ಕೇಳಲಿಕ್ಕೆ ನಾಚಬಾರದು.

ತಾಯಿ ಗಿಡ ರೋಗ ಇಲ್ಲದ್ದು, ಚಲೋ ಬೆಳೆದಿದ್ದು ಇರಲಿ. ರಸ್ತೆ ಬದಿಯ, ಕಳೆನಾಶಕ ಬಿದ್ದ ಗಿಡ ಬೇಡ. ಒಂದೇ ಗಿಡದಿಂದ ಎಲ್ಲ ಕಡ್ಡಿ ತೆಗೆಯದೆ ನಾಲ್ಕಾರು ಕಡೆಯಿಂದ ತನ್ನಿರಿ. ಅಮೃತಬಳ್ಳಿಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಒಂದೇ ಬಳ್ಳಿಯ ಕಡ್ಡಿ ಊರ ತುಂಬ ಹಚ್ಚಿದರೆ ಹಣ್ಣು ಬೀಜ ಕಾಣುವುದಿಲ್ಲ. ಯಾವ ತಾಯಿಯಿಂದಲೂ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೊಯ್ಯಬೇಡಿ.

ಮಿರಗಕ್ಕೆ ಕಡ್ಡಿ, ಹುಬ್ಬಿಗೆ ಹೊಲ

ಪುಸ್ತಕದಲ್ಲಿ ‘ಮಳೆಗಾಲದಲ್ಲಿ ನಾಟಿ ಮಾಡಿ’ ಅಂತ ಇರುತ್ತದೆ. ನಮ್ಮ ಮಳೆಗಾಲ ಮಲೆನಾಡಿನ ಮಳೆಗಾಲ ಅಲ್ಲ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಮಿರಗ ಬಂದರೂ ನಡುವೆ ಆಷಾಢದ ಗಾಳಿ ಬೀಸುತ್ತದೆ. ಮೋಡ ಇರುತ್ತದೆ, ಮಳೆ ಇರುವುದಿಲ್ಲ. ಆ ಗಾಳಿ ಬಿಸಿಲಿಗಿಂತ ಕೆಟ್ಟದ್ದು, ಕಡ್ಡಿಯೊಳಗಿನ ನೀರನ್ನು ಹೀರಿಬಿಡುತ್ತದೆ. ನಮಗೆ ಗಟ್ಟಿ ಮಳೆ ಬೀಳುವುದು ಸೆಪ್ಟೆಂಬರ್‌ನಲ್ಲಿ, ಹುಬ್ಬಿ, ಉತ್ತರಿ ಮಳೆಗೆ.

ಅದಕ್ಕೆ ನಾನು ಕೆಲಸವನ್ನು ಎರಡು ಪಾಲು ಮಾಡಿದ್ದೇನೆ. ಜೂನ್‌ನಲ್ಲಿ ಮಿರಗ, ಆರಿದ್ರ ಹೊತ್ತಿಗೆ ಮನೆ ಹತ್ತಿರ ನೆರಳಲ್ಲಿ ಚೀಲಕ್ಕೆ ಕಡ್ಡಿ ಹಚ್ಚುವುದು. ಎರಡು ಎರಡೂವರೆ ತಿಂಗಳು ಅಲ್ಲಿ ಬೇರು ಬಿಡಲಿ. ಆಗಸ್ಟ್ ಕೊನೆಗೆ ಹುಬ್ಬಿ ಮಳೆ ಹಿಡಿದಾಗ ಹೊಲದ ಒಡ್ಡಿಗೆ ಒಯ್ಯುವುದು. ಉತ್ತರಿ, ಹಸ್ತ, ಚಿತ್ತಿ ಮಳೆಯ ಹಸಿಯಲ್ಲಿ ಬೇರು ಕೆಳಗಿಳಿಯುತ್ತದೆ. ಹಿಂಗಾರಿ ಜೋಳದ ಹೊಲದ ಹಸಿಯೇ ಅದಕ್ಕೂ ಸಾಕು. ಸೀದಾ ಒಡ್ಡಿಗೆ ಜೂನ್‌ನಲ್ಲಿ ಚುಚ್ಚಿದ ಕಡ್ಡಿ ಆಷಾಢದ ಗಾಳಿಗೆ ಒಣಗುವುದೇ ಹೆಚ್ಚು.

ಕಡ್ಡಿ ಕತ್ತರಿಸುವ ಕ್ರಮ

ಬೆಳಿಗ್ಗೆ ಬಿಸಿಲು ಏರುವ ಮುಂಚೆ ಕತ್ತರಿಸಿ. ಆಗ ಕಡ್ಡಿಯಲ್ಲಿ ನೀರು ತುಂಬಿರುತ್ತದೆ. ಕತ್ತರಿಸಿದ ಕೂಡಲೆ ಹಸಿ ಗೋಣಿತಟ್ಟಿನಲ್ಲಿ ಸುತ್ತಿ ನೆರಳಿಗಿಡಿ.

ಹರಿತ ಚಾಕು ಇಲ್ಲವೆ ದ್ರಾಕ್ಷಿ ಕತ್ತರಿ ಇರಲಿ. ಮೊಂಡು ಕುಡುಗೋಲಿನಿಂದ ಜಜ್ಜಿದರೆ ಆ ಗಾಯ ಮಾಯುವುದಿಲ್ಲ, ಕೊಳೆಯುತ್ತದೆ. ಕೆಳಗಿನ ತುದಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿ, ಮೇಲಿನ ತುದಿಯನ್ನು ನೇರ ಕತ್ತರಿಸಿ. ಬೇರು ಹೆಚ್ಚಾಗಿ ಗೆಣ್ಣಿನ ಹತ್ತಿರವೇ ಒಡೆಯುತ್ತದೆ. ಓರೆ, ನೇರ ಅಂತ ಮಾಡಿದರೆ ಕಟ್ಟು ಕಟ್ಟಿದ ಮೇಲೂ ಯಾವುದು ಮೇಲೆ, ಯಾವುದು ಕೆಳಗೆ ಅಂತ ಗೊತ್ತಾಗುತ್ತದೆ. ತಲೆಕೆಳಗಾಗಿ ಹಚ್ಚಿದ ಕಡ್ಡಿ ಬೇರು ಬಿಡಲು ಒದ್ದಾಡುತ್ತದೆ. ಗಿಡದ ಚಿಗುರಿನಲ್ಲಿ ಆಕ್ಸಿನ್ ಅನ್ನುವ ರಸ ತಯಾರಾಗಿ ಕೆಳಕ್ಕೆ ಇಳಿಯುತ್ತದೆ, ಕಡ್ಡಿಯ ಕೆಳತುದಿಯಲ್ಲಿ ಸೇರಿ ಬೇರು ಬರಿಸುವುದು ಅದೇ. ಅಂಗಡಿಯಲ್ಲಿ ಮಾರುವ ಬೇರು ಬರಿಸುವ ಪುಡಿ ಇಂಥದೇ ರಸದ ಇನ್ನೊಂದು ರೂಪ. ನಾನು ಇಲ್ಲಿ ಬರೆದ ಗಿಡಗಳಿಗೆ ಅದರ ಅವಶ್ಯಕತೆ ಇಲ್ಲ.

ಕೆಳಗಿನ ಎಲೆ ತೆಗೆಯಿರಿ. ಮೇಲಿನ ಎಲೆ ದೊಡ್ಡದಿದ್ದರೆ ಅರ್ಧ ಕತ್ತರಿಸಿ. ಬೇರಿಲ್ಲದ ಕಡ್ಡಿ ನೀರು ಕುಡಿಯಲಾರದು, ಎಲೆ ಮಾತ್ರ ನೀರು ಬಿಡುತ್ತಲೇ ಇರುತ್ತದೆ. ಹಾಗಂತ ಎಳೆ ಕಡ್ಡಿಯ ಎಲೆ ಪೂರ್ತಿ ಬೋಳಿಸಬೇಡಿ, ಅದಕ್ಕೆ ಅನ್ನ ಮಾಡಿಕೊಡುವುದು ಆ ಎಲೆಯೇ. ಲಕ್ಕಿಯಂಥ ಬಲಿತ ಕಡ್ಡಿಯ ಮೇಲ್ತುದಿಗೆ ಸೆಗಣಿ ಮೆತ್ತಿದರೆ ಒಣಗುವುದಿಲ್ಲ.

ಮಣ್ಣು, ನೆರಳು, ನೀರು

ಬರೀ ಎರಿ ಮಣ್ಣು ಚೀಲಕ್ಕೆ ಬೇಡ. ಹಸಿ ಇದ್ದಾಗ ಅಂಟು, ಒಣಗಿದರೆ ಬಿರುಕು. ಬಿರುಕಿನಲ್ಲಿ ಎಳೆ ಬೇರು ಹರಿಯುತ್ತದೆ. ಎರಡು ಬುಟ್ಟಿ ಉಸುಕು, ಒಂದು ಬುಟ್ಟಿ ಮಸಾರಿ ಮಣ್ಣು, ಒಂದು ಬುಟ್ಟಿ ಚೆನ್ನಾಗಿ ಕಳಿತ ಹಳೇ ತಿಪ್ಪೆಗೊಬ್ಬರ ಕೂಡಿಸಿ. ಹಸಿ ಗೊಬ್ಬರ ಬಿಸಿಯಾಗಿ ಕಡ್ಡಿ ಸುಡುತ್ತದೆ, ಗೆದ್ದಲೂ ಬರುತ್ತದೆ. ಚೀಲ ಕೊಳ್ಳಬೇಕಾಗಿಲ್ಲ. ಹಾಲಿನ ಪಾಕೀಟು, ಎಣ್ಣೆ ಪಾಕೀಟು ತೊಳೆದು, ತಳಕ್ಕೆ ನಾಲ್ಕು ತೂತು ಹಾಕಿದರೆ ಆಯಿತು.

ಕಡ್ಡಿಯನ್ನು ನೇರ ಚುಚ್ಚಬೇಡಿ, ತುದಿಯ ತೊಗಟೆ ಸುಲಿಯುತ್ತದೆ. ಮೊದಲು ಒಂದು ಕೋಲಿನಿಂದ ತೂತು ಮಾಡಿ. ಎರಡು ಗೆಣ್ಣು ಮಣ್ಣೊಳಗೆ, ಎರಡು ಮೇಲೆ ಇರುವಂತೆ ಇಳಿಸಿ, ಸುತ್ತ ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಒಳಗೆ ಪೊಳ್ಳು ಉಳಿದರೆ ಅಲ್ಲಿ ಬೇರು ಹುಟ್ಟುವುದಿಲ್ಲ.

ಬೇವಿನ ನೆರಳು ಬಹಳ ಚಲೋ. ಇಲ್ಲದಿದ್ದರೆ ತೊಗರಿ ಕಟ್ಟಿಗೆಯ ಚಪ್ಪರ ಹಾಕಿ ಮೇಲೆ ಕಣಿಕೆ ಹರವಿ. ಪಡುವಣ ಗಾಳಿ ಬರುವ ಕಡೆ ಕಣಿಕೆಯ ತಡಿಕೆ ಕಟ್ಟುವುದನ್ನು ಮರೆಯಬೇಡಿ. ಗಾಳಿ ತಡೆದರೆ ಅರ್ಧ ಕೆಲಸ ಆದ ಹಾಗೆ.

ನೀರು ದಿನಾ ಸುರಿಯುವುದಲ್ಲ. ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಹಿಂಡಿದರೆ ನೀರು ಬರಬಾರದು, ಅಷ್ಟು ಹಸಿ ಸಾಕು. ಡೋಣಿ ಸಾಲಿನಲ್ಲಿ, ಬಾಗೇವಾಡಿ ತಾಳಿಕೋಟಿ ಕಡೆ, ಅನೇಕ ಕಡೆ ನೀರು ಸವಳು. ಆ ನೀರಿನಲ್ಲಿ ಬೆಳೆದ ಗಿಡ ತಾಳಬಹುದು, ಬೇರಿಲ್ಲದ ಕಡ್ಡಿ ತಾಳುವುದಿಲ್ಲ. ಕೃಷಿ ಹೊಂಡದ ನೀರು ಇಲ್ಲವೆ ಮಾಳಿಗೆಯಿಂದ ಹಿಡಿದ ಮಳೆ ನೀರು ಹಾಕಿ. ನೂರು ಚೀಲಕ್ಕೆ ಎರಡು ದಿನಕ್ಕೊಮ್ಮೆ ಎರಡು ಮೂರು ಕೊಡ ನೀರು ಸಾಕಾಗುತ್ತದೆ.

ಚಿಗುರು ಬಂದರೆ ಬೇರು ಬಂದಂತಲ್ಲ

ಓಣಿಯ ಹುಡುಗನೊಬ್ಬ ಒಂದು ಸಲ ಬಂದು ಕೇಳಿದ, ‘ಕಾಕಾ, ಕಡ್ಡಿ ಚಿಗುರಿದ್ವು ಅಂತ ಹೊಲಕ್ಕ ಒಯ್ದು ಹಚ್ಚೀನ್ರಿ. ಎಂಟು ದಿನದಾಗ ಎಲ್ಲಾ ಬಾಡಿ ಹೋದ್ವು. ಯಾಕ್ರಿ?’

ಈ ಪ್ರಶ್ನೆ ಬಹಳ ಜನರದು. ಕಡ್ಡಿಯೊಳಗೆ ಮೊದಲೇ ಕೂಡಿಟ್ಟ ಅನ್ನ ಇರುತ್ತದೆ. ಅದರ ಬಲದ ಮೇಲೆ ಮೊಗ್ಗು ಒಡೆದು ಚಿಗುರು ಬರುತ್ತದೆ. ಬೇರು ಆಮೇಲೆ. ಎರಡು ವಾರಕ್ಕೆ ಹಸಿರು ಕಂಡಿತೆಂದು ಕಿತ್ತರೆ ಕೆಳಗೆ ಏನೂ ಇರುವುದಿಲ್ಲ. ‘ತಮ್ಮಾ, ಮ್ಯಾಲಿನ ಎಲಿ ನೋಡಬ್ಯಾಡ, ಚೀಲದ ತಳಾ ನೋಡು’ ಅಂತ ಹೇಳಿದೆ. ತಳದ ತೂತಿನಿಂದ ಬಿಳಿ ಬೇರು ಇಣುಕಿದರೆ ಗಿಡ ತಯಾರಾಯಿತು. ಕಡ್ಡಿಯನ್ನು ಮೆಲ್ಲಗೆ ಎಳೆದಾಗ ಮಣ್ಣು ಹಿಡಿದುಕೊಂಡಂತೆ ಅನಿಸಿದರೂ ಸರಿ. ದಿನಾ ಎಳೆದು ನೋಡುವುದು ಮಾತ್ರ ಬೇಡ.

ಯಾವ ಗಿಡಕ್ಕೆ ಏನು ಕ್ರಮ

ಅಮೃತಬಳ್ಳಿ: ಬೆರಳು ಗಾತ್ರದ ಬಲಿತ ಬಳ್ಳಿ, 6ರಿಂದ 8 ಇಂಚು ಉದ್ದ, ಕನಿಷ್ಠ ಎರಡು ಗೆಣ್ಣು. ಎಲೆ ಪೂರ್ತಿ ತೆಗೆಯಬಹುದು, ಬಳ್ಳಿಯಲ್ಲೇ ಅನ್ನ ನೀರು ಎರಡೂ ಇವೆ. ಈ ಬಳ್ಳಿಯ ಜೀವ ಗಟ್ಟಿ. ಬುಡ ಕತ್ತರಿಸಿದರೂ ಬೇವಿನ ಮೇಲೆ ಉಳಿದ ಬಳ್ಳಿ ನೂಲಿನಂಥ ಬೇರನ್ನು ಕೆಳಕ್ಕೆ ಬಿಟ್ಟು ನೆಲ ಮುಟ್ಟಿಸಿ ಬದುಕಿಕೊಳ್ಳುತ್ತದೆ. ಐದಾರು ವಾರಕ್ಕೆ ಬೇರು ಬರುತ್ತದೆ. ಬೇವಿನ ಬುಡದಿಂದ ಎರಡು ಅಡಿ ದೂರ ಗುಂಡಿ ತೆಗೆದು ಹಚ್ಚಿ, ಒಂದು ಕೋಲು ಕಟ್ಟಿ ಗಿಡಕ್ಕೆ ಹತ್ತಿಸಿ. ಬೇವಿನ ಮೇಲಿನ ಬಳ್ಳಿಯೇ ಶ್ರೇಷ್ಠ ಅಂತ ಹಳಬರ ನಂಬಿಕೆ. ಕೊಯ್ಯುವಾಗ ನೆಲದಿಂದ ಒಂದು ಅಡಿ ಬಿಟ್ಟು ಕೊಯ್ದರೆ ತಿರುಗಿ ಚಿಗುರುತ್ತದೆ.

ಆಡುಸೋಗೆ: ‘ಆಡು ಮುಟ್ಟದ ಸೊಪ್ಪಿಲ್ಲ’ ಅನ್ನುವ ಗಾದೆಯನ್ನು ಸುಳ್ಳು ಮಾಡುವ ಗಿಡ ಇದು. ಕುರಿ ಆಡು ಬಾಯಿ ಹಾಕುವುದಿಲ್ಲ, ಹಾಗಾಗಿ ಒಡ್ಡಿನ ಮೇಲೆ ಬೇಲಿಯಾಗಿ ನಿಲ್ಲುತ್ತದೆ. ಪೂರ ಹಸಿರೂ ಅಲ್ಲದ, ಪೂರ ಕಟ್ಟಿಗೆಯೂ ಆಗದ ಟೊಂಗೆ ಬೇಕು. 6ರಿಂದ 8 ಇಂಚು, ಮೂರು ನಾಲ್ಕು ಗೆಣ್ಣು. ಬೇರಿಗೆ ಎರಡು ತಿಂಗಳು ಹಿಡಿಯುತ್ತದೆ, ಅವಸರ ಬೇಡ. ಇದರ ಎಲೆಯಲ್ಲಿರುವ ವ್ಯಾಸಿಸಿನ್ ಅನ್ನುವ ಅಂಶದ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್ ಎಂಬ ಕಫದ ಔಷಧ ಹುಟ್ಟಿದ್ದು. ಬಸುರಿ ಹೆಣ್ಣುಮಕ್ಕಳಿಗೆ ಮಾತ್ರ ಆಡುಸೋಗೆ ಕೊಡಲೇಬಾರದು, ಅದು ಗರ್ಭಕೋಶವನ್ನು ಹಿಂಡುತ್ತದೆ.

ಲಕ್ಕಿ: ಪೆನ್ಸಿಲ್ ಗಾತ್ರದ ಬಲಿತ ಕಡ್ಡಿ, ಒಂದು ಗೇಣು. ಒಂದೂವರೆ ಎರಡು ತಿಂಗಳಿಗೆ ಬೇರು. ಹಳ್ಳದ ದಂಡೆ, ಒಡ್ಡು ಒಡೆಯುವ ಜಾಗ ಇದಕ್ಕೆ ಸರಿ, ಮಣ್ಣು ಹಿಡಿಯುತ್ತದೆ. ಕಡಿದಷ್ಟೂ ಚಿಗುರುತ್ತದೆ. ಒಣಗಿಸಿದ ಎಲೆಯನ್ನು ಬೇವಿನ ಎಲೆಯ ಜೊತೆ ಜೋಳ, ಕಡಲೆ ಚೀಲದಲ್ಲಿ ಹಾಕುವುದು ನಮ್ಮ ಹೆಣ್ಣುಮಕ್ಕಳು ಬಲ್ಲ ಮಾತು. ದಶಪರ್ಣಿ ಕಷಾಯ ಮಾಡುವ ಲಿಂಬೆ, ದಾಳಿಂಬೆ ರೈತರಿಗೂ ಇದರ ಸೊಪ್ಪು ಬೇಕು.

ದೊಡ್ಡಪತ್ರೆ: ಎಲ್ಲಕ್ಕಿಂತ ಸುಲಭ. ಹೊಸದಾಗಿ ಕಲಿಯುವವರು ಇದರಿಂದ ಶುರು ಮಾಡಿ. 4 ಇಂಚಿನ ತುದಿ ಕಡ್ಡಿ, ಎರಡು ಜೊತೆ ಎಲೆ ಉಳಿಸಿ. ಎರಡು ಮೂರು ವಾರಕ್ಕೆ ಬೇರು. ಹತ್ತು ಹಚ್ಚಿದರೆ ಎಂಟೊಂಬತ್ತು ಬಂದೇ ಬರುತ್ತವೆ. ನೀರು ಹೆಚ್ಚಾದರೆ ಮಾತ್ರ ಬುಡ ಕರಗುತ್ತದೆ.

ಮಂಗರವಳ್ಳಿ: ನಾಲ್ಕು ಮೂಲೆಯ ಕಾಂಡದ ಈ ಬಳ್ಳಿಯನ್ನು ಸಂದುಬಳ್ಳಿ ಅಂತಲೂ ಅನ್ನುತ್ತಾರೆ. ಎರಡು ಮೂರು ಗೆಣ್ಣಿನ ತುಂಡು ಮಾಡಿ, ಒಂದೆರಡು ದಿನ ನೆರಳಲ್ಲಿ ಬಿಟ್ಟು ಗಾಯ ಒಣಗಿದ ಮೇಲೆ ಹಚ್ಚಿ. ಹಸಿ ಗಾಯದೊಂದಿಗೆ ಹಸಿ ಮಣ್ಣಿಗೆ ಇಳಿಸಿದರೆ ಕೊಳೆಯುತ್ತದೆ. ಇದೊಂದನ್ನು ಮಳೆ ನೋಡಿ ಸೀದಾ ಬೇಲಿಯ ಬುಡಕ್ಕೇ ಹಚ್ಚಬಹುದು. ಗರಸು ನೆಲದಲ್ಲೂ ಬರುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿಸಿ ಸತ್ತಂತೆ ಕಂಡರೂ ಮಳೆಗೆ ಎದ್ದೇಳುತ್ತದೆ.

ಪುದೀನಾ ಮತ್ತು ತುಳಸಿ: ಪುದೀನಾ ಬಚ್ಚಲ ನೀರಿನ ಹತ್ತಿರ ಮಾತ್ರ, ಒಣ ಒಡ್ಡಿಗಲ್ಲ. ಸಂತೆಯಿಂದ ತಂದ ಕಟ್ಟಿನಲ್ಲಿ ದಪ್ಪ ಕಡ್ಡಿ ಆರಿಸಿ ಹಚ್ಚಿದರೂ ಹತ್ತು ಹದಿನೈದು ದಿನಕ್ಕೆ ಬೇರು. ತುಳಸಿ ಬೀಜದಿಂದ ಬರುತ್ತದೆ ನಿಜ. ಆದರೆ ಒಳ್ಳೆ ವಾಸನೆಯ ಒಂದು ಗಿಡ ಮನೆಯಲ್ಲಿದ್ದರೆ ಅದರ ಹೂ ಇಲ್ಲದ ತುದಿಯನ್ನು 4-5 ಇಂಚು ಕತ್ತರಿಸಿ ಹಚ್ಚಿ, ಅದೇ ವಾಸನೆ ಸಿಗುತ್ತದೆ. ಹೂ ಬಿಟ್ಟ ಕಡ್ಡಿಯ ಬಲವೆಲ್ಲ ಬೀಜಕ್ಕೆ ಹೋಗುತ್ತದೆ.

ಮೊದಲ ಬೇಸಿಗೆ ದಾಟಿಸುವುದು

ಹುಬ್ಬಿ ಮಳೆಗೆ ಒಯ್ಯುವ ಎಂಟು ದಿನ ಮುಂಚೆ ಚೀಲಗಳನ್ನು ಸ್ವಲ್ಪ ಸ್ವಲ್ಪ ಬಿಸಿಲಿಗೆ ಸರಿಸಿ ರೂಢಿ ಮಾಡಿಸಿ. ಒಂದು ಅಡಿ ಗುಂಡಿ ತೆಗೆದು, ಚೀಲ ಹರಿದು, ಮಣ್ಣಿನ ಹೆಂಟೆ ಒಡೆಯದಂತೆ ಇಳಿಸಿ. ಸುತ್ತ ಬಟ್ಟಲಿನಂತೆ ತಗ್ಗು ಮಾಡಿ. ಒಡ್ಡಿನ ಮೇಲ್ಬದಿಗೆ, ನೀರು ನಿಂತು ಇಂಗುವ ಕಡೆಗೆ ಹಚ್ಚಿದರೆ ಲಾಭ.

ಫೆಬ್ರವರಿಯಿಂದ ಮೇ ತನಕ ಕಷ್ಟಕಾಲ. ಬಿಸಿಲು 40 ಡಿಗ್ರಿ ದಾಟುತ್ತದೆ, ಎರಿ ಭೂಮಿ ಬಿರಿಯುತ್ತದೆ. ಜನವರಿಯಲ್ಲೇ ಬುಡದ ಸುತ್ತ ಮಣ್ಣು ಕೆದರಿ ಬಿರುಕು ಮುಚ್ಚಿ, ಮೇಲೆ ತೊಗರಿ ಹೊಟ್ಟು, ಕಣಿಕೆ ಚೂರು ನಾಲ್ಕು ಬೆರಳು ದಪ್ಪ ಹರವಿ. ಹದಿನೈದು ದಿನಕ್ಕೊಂದು ಕೊಡ ನೀರು ಮೊದಲ ವರ್ಷ ಮಾತ್ರ ಕೊಟ್ಟರೆ ಆಡುಸೋಗೆ, ಲಕ್ಕಿ, ಅಮೃತಬಳ್ಳಿ ಮುಂದೆ ತಮ್ಮಷ್ಟಕ್ಕೆ ನಿಲ್ಲುತ್ತವೆ. ಎಲೆ ಉದುರಿತೆಂದು ಕಿತ್ತೊಗೆಯಬೇಡಿ. ಉಗುರಿನಿಂದ ತೊಗಟೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ.

ಇದರಿಂದ ರೊಕ್ಕ ಬರುತ್ತದೆಯೇ?

ಕೇಂದ್ರ ಸರ್ಕಾರ 2000ದಲ್ಲಿ ರಾಷ್ಟ್ರೀಯ ಔಷಧಿ ಸಸ್ಯ ಮಂಡಳಿ ಮಾಡಿದ ಮೇಲೆ ಔಷಧಿ ಬೆಳೆಯ ಮಾತು ಹಳ್ಳಿಗೂ ಬಂತು. ಮಂಡಳಿಯ ಹಿಂದೆಯೇ ಸಸಿ ಮಾರುವವರೂ ಬಂದರು. ‘ಎಕರೆಗೆ ಲಕ್ಷ ಬರ್ತದ, ನಾವೇ ಕೊಳ್ತೀವಿ’ ಅಂತ ಲೋಳೆಸರದ ಮರಿ, ಸಫೇದ್ ಮುಸ್ಲಿ ಗಡ್ಡೆ ಮಾರಿ, ಕೊಯ್ಲಿನ ಹೊತ್ತಿಗೆ ಫೋನ್ ಎತ್ತದವರನ್ನು ನಮ್ಮ ಕಡೆಯ ರೈತರು ಕಂಡಿದ್ದಾರೆ. ಮಾಕಂದಿ ಬೇರು ತುದಿ ಕಡ್ಡಿಯಿಂದಲೇ ಹಚ್ಚುವ ಹೊಲದ ಬೆಳೆ, ತಮಿಳುನಾಡಿನ ಸೇಲಂ ಕಡೆ ಕರಾರಿನ ಮೇಲೆ ಬೆಳೆಯುತ್ತಾರೆ. ಆದರೆ ಅದಕ್ಕೆ ನೀರು ಬಸಿಯುವ ಮಣ್ಣು, ಕೈಯಲ್ಲಿ ನೀರು, ಬರಹದಲ್ಲಿ ಕರಾರು ಮೂರೂ ಬೇಕು. ಮಳೆ ನಂಬಿದ ಎರಿ ಹೊಲಕ್ಕೆ ಅದು ಹೊಂದುವುದಿಲ್ಲ. ಜೋಳ, ತೊಗರಿ, ಕಡಲೆ ಬಿಟ್ಟು ಎಕರೆಗಟ್ಟಲೆ ಔಷಧಿ ಬೆಳೆಗೆ ಇಳಿಯಿರಿ ಅಂತ ನಾನು ಹೇಳುವುದಿಲ್ಲ.

ನಾನು ಹೇಳುವುದು ಒಡ್ಡಿನ ಮಾತು. ಬೆಳೆಯ ಜಾಗ ಹೋಗುವುದಿಲ್ಲ, ಒಡ್ಡು ಗಟ್ಟಿಯಾಗುತ್ತದೆ, ಕುರಿ ಮುಟ್ಟದ ಬೇಲಿಯಾಗುತ್ತದೆ, ಕಾಳಿನ ಚೀಲಕ್ಕೆ, ಕಷಾಯಕ್ಕೆ ಸೊಪ್ಪು ಸಿಗುತ್ತದೆ. ನೆಗಡಿ ಕೆಮ್ಮಿಗೆ ದೊಡ್ಡಪತ್ರೆಯೋ ತುಳಸಿಯೋ ಮನೆಯಲ್ಲೇ ಆಯಿತು. ಜ್ವರ ಮೂರು ದಿನ ಇಳಿಯದಿದ್ದರೆ, ಕೆಮ್ಮು ಎರಡು ವಾರ ಬಿಡದಿದ್ದರೆ ದವಾಖಾನೆಗೇ ಹೋಗಬೇಕು. ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ತಮ್ಮಷ್ಟಕ್ಕೆ ಕುಡಿಯುವುದೂ ಬೇಡ, ವೈದ್ಯರನ್ನು ಕೇಳಿಯೇ ಕುಡಿಯಿರಿ.

ಈ ಸಲ ಮಿರಗಕ್ಕೆ ಹೆಚ್ಚು ಬೇಡ, ಗಿಡಕ್ಕೆ ಹತ್ತರಂತೆ ಕಡ್ಡಿ ಹಚ್ಚಿ. ಊರಲ್ಲಿ ಯಾರ ಹೊಲದಲ್ಲಿ ಯಾವ ತಾಯಿ ಗಿಡ ಉಳಿದಿದೆ ಅಂತ ಮುಂಚೆಯೇ ಕೇಳಿ ಗುರುತು ಹಾಕಿಕೊಳ್ಳಿ. ಆ ಗಿಡದ ಸುತ್ತ ಕಳೆನಾಶಕ ಹೊಡೆಯಬೇಡಿ ಅಂತ ಹೊಲದವರಿಗೆ ಹೇಳಿ. ಹುಬ್ಬಿಯ ಹೊತ್ತಿಗೆ ನಿಮ್ಮಲ್ಲಿ ಬೇರು ಬಂದ ಗಿಡದಲ್ಲಿ ಎರಡನ್ನು ಕಡ್ಡಿ ಕೊಟ್ಟವರಿಗೆ ತಿರುಗಿ ಕೊಡಿ, ಎರಡನ್ನು ಊರ ಶಾಲೆಯಲ್ಲೋ ಗುಡಿಯ ಹತ್ತಿರವೋ ಹಚ್ಚಿ. ಒಂದು ಕಡೆ ಸತ್ತರೂ ಇನ್ನೊಂದು ಕಡೆ ತಾಯಿ ಇರುತ್ತದೆ, ಮರುವರ್ಷ ಕಡ್ಡಿಗೆ ಬೇರೆ ಊರಿಗೆ ಹೋಗಬೇಕಾಗುವುದಿಲ್ಲ.